ಹೆಬ್ಬೆರಳಿಗೆ ಎಣ್ಣೆ ಬೇಡ

"ಹೆಬ್ಬೆರಳಿಗೆ ಮಾತ್ರ ಎಣ್ಣೆ ಹಚ್ಚಬೇಡಿ ಡಾಕ್ಟ್ರೇ."

ಫಿಸಿಯೋ ತಲೆ ಎತ್ತಿದ. ರೋಗಿಯ ಬಲಗೈ ಅವನ ತೊಡೆಯ ಮೇಲಿತ್ತು. ನಾಲ್ಕು ಬೆರಳು ನೀವಿ ಮುಗಿಸಿ ಐದನೆಯದಕ್ಕೆ ಬಂದಿದ್ದ.

"ಯಾಕಮ್ಮಾ?"

"ಜಾರುತ್ತೆ."

ರೋಗಿಯ ಹೆಂಡತಿ ಔಷಧಿಯ ಲೋಟ ತೊಳೆಯಲು ಒಳಗೆ ಹೋದಳು. ಮೊದಲ ದಿನವೂ ಹೀಗೇ ಚುಟುಕು. ಬರುವ ಹೊತ್ತು ಏನಾದರೂ ಬದಲಾದರೆ ಫೋನ್ ಮಾಡಿ ಎಂದಿದ್ದಕ್ಕೆ, "ನೀವೇ ಮಾಡಿ. ನನಗೆ ಮಾಡೋಕಾಗಲ್ಲ" ಎಂದು ನಂಬರು ಕೊಟ್ಟಿದ್ದಳು. ಎಂಥ ಜಂಬ ಎಂದುಕೊಂಡಿದ್ದ ಅವನು.

ಲಕ್ವ ಹೊಡೆದು ಗಂಡನ ಬಲಭಾಗ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಕಣ್ಣು ಮಾತ್ರ ಚುರುಕು. ಹೆಂಡತಿ ಹೋದಲ್ಲೆಲ್ಲ ಆ ಕಣ್ಣು ಹೋಗುತ್ತಿತ್ತು. ಪಾಪ, ಏನೋ ಹೇಳಬೇಕೆಂದಿದ್ದಾನೆ ಎಂದು ಫಿಸಿಯೋಗೆ ಅನಿಸುತ್ತಿತ್ತು.

ಏನು ಜಾರುತ್ತದೆ ಎಂಬುದು ಆ ವಾರವೇ ತಿಳಿಯಿತು. ಅವನು ತುಸು ಬೇಗ ಬಂದಿದ್ದ. ಬಾಗಿಲು ತೆರೆದೇ ಇತ್ತು. ಅವಳು ಗಂಡನ ಕುರ್ಚಿಯ ಪಕ್ಕ ಮಂಡಿಯೂರಿ, ಒದ್ದೆ ಬಟ್ಟೆಯಿಂದ ಅವನ ಹೆಬ್ಬೆರಳು ಒರೆಸುತ್ತಿದ್ದಳು. ಒರೆಸಿ, ಊದಿ ಒಣಗಿಸಿ, ಗುಬ್ಬಚ್ಚಿ ಚಿತ್ರದ ಕವರಿನ ಹಳೆಯ ಫೋನಿಗೆ ಒತ್ತಿದಳು. ಫೋನು ಗುರ್ ಎಂದು ಒಲ್ಲೆ ಎಂದಿತು. ಮತ್ತೆ ಒತ್ತಿದಳು. ಮತ್ತೆ ಒಲ್ಲೆ.

ಫಿಸಿಯೋನನ್ನು ನೋಡಿ ಅವಳು ಗಾಬರಿಯಾಗಲಿಲ್ಲ. ಗಾಬರಿಗೂ ಶಕ್ತಿ ಬೇಕಲ್ಲ.

"ಊತ ಇದೆ. ಅದಕ್ಕೇ ಗುರುತು ಹಿಡೀತಿಲ್ಲ. ಊತ ಯಾವಾಗ ಇಳಿಯುತ್ತೆ ಡಾಕ್ಟ್ರೇ?"

"ಅಂಗಡಿಗೆ ಕೊಟ್ಟು ತೆಗೆಸಬಹುದಲ್ಲಾ?" ಎಂದ ಅವನು, ಪರೀಕ್ಷಿಸುವವನಂತೆ.

"ಒಳಗಿರೋದೆಲ್ಲಾ ಅಳಿಸಿಹೋಗುತ್ತಂತೆ. ಇವರ ಬೆರಳೇ ಬೇಕು. ಒಂದೇ ಸಲ ತೆರೆದರೆ ಸಾಕು, ಒಂದು ನಂಬರ್ ಬರ್ಕೋಬೇಕು." ಎದ್ದು ಫೋನನ್ನು ಚಾರ್ಜರಿಗೆ ಸಿಕ್ಕಿಸಿದಳು. "ಆಫ್ ಆಗಿಬಿಟ್ಟರೆ ಬೆರಳೂ ಸಾಲಲ್ಲ, ಇವರಿಗೆ ಮಾತ್ರ ಗೊತ್ತಿರೋ ಪಿನ್ ಕೇಳುತ್ತೆ ಇದು."

ಮನೆಯಲ್ಲಿ ಅಕ್ಕನ ಮುಂದೆ ಇದನ್ನು ಹೇಳಿದ. ಅಕ್ಕ ತಟ್ಟೆಗೆ ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು.

"ಅಯ್ಯೋ ಪೆದ್ದೇ, ಎಂಥ ನಂಬರು ಅಂತ ಗೊತ್ತಾಗಲಿಲ್ವಾ? ಬ್ಯಾಂಕಿಂದು ಕಣೋ! ಮಾತು ಬರದ ಗಂಡ, ಕೈ ಬರದ ಗಂಡ. ಇನ್ನೇನು ಬೇಕು ಅವಳಿಗೆ?"

"ಇರಲಿಕ್ಕಿಲ್ಲ ಅಕ್ಕ. ಆಯಮ್ಮನ ಮುಖ ನೋಡಿದ್ರೆ…"

"ಮುಖ ನೋಡಿ ಮರುಳಾಗೋದು ನಿನ್ನ ಹಳೇ ಕಾಯಿಲೆ. ಕಳ್ಳಿಗೆ ಬೀಗದಕೈ ಮಾಡಿಕೊಡ್ತಿದ್ದೀಯ, ಅದೂ ಎಣ್ಣೆ ತಿಕ್ಕಿ ತಿಕ್ಕಿ. ನಾಳೆ ಆ ಮನುಷ್ಯ ಬೀದಿಗೆ ಬಿದ್ದರೆ ನಿನಗೆ ಅನ್ನ ಸೇರುತ್ತಾ?"

ಅಂದು ಅನ್ನ ಸೇರಲಿಲ್ಲ.

ಮರುದಿನದಿಂದ ಅವನು ಹೆಬ್ಬೆರಳಿಗೇ ಹೆಚ್ಚು ಎಣ್ಣೆ ಹಚ್ಚಿದ. ಅವಳು ಅದನ್ನು ನೋಡಿದಳು. ಅವನು ಹೋದ ಮೇಲೆ ಸೋಪು ಹಾಕಿ ತೊಳೆಯುತ್ತಿದ್ದಳೇನೋ, ಮತ್ತೆ ಬಂದಾಗ ಬೆರಳು ಒಣಗಿರುತ್ತಿತ್ತು.

ಊತ ಇಳಿಯುತ್ತಿತ್ತು. ಅದನ್ನು ತಡೆಯುವಂತಿಲ್ಲ, ಅವನ ಕೆಲಸವೇ ಅದು. ಆದರೆ ಊತ ಇಳಿಯುತ್ತಲೇ ಕೈಗೆ ಹಿಡಿತವೂ ಬಂತು. ಅಂಗೈಯಲ್ಲಿಟ್ಟ ಸ್ಪಂಜಿನ ಚೆಂಡನ್ನು ರೋಗಿ ಒಮ್ಮೆ ಮೆಲ್ಲಗೆ ಅದುಮಿದ. ಫಿಸಿಯೋ ಅವನ ಕಿವಿಯ ಹತ್ತಿರ ಬಗ್ಗಿದ.

"ಹಿಡೀರಿ ಸಾರ್. ಇನ್ನೂ ಗಟ್ಟಿ. ನಿಮ್ಮ ಕೈ ನಿಮ್ಮ ಮಾತು ಕೇಳಬೇಕು, ಬೇರೆಯವರದ್ದಲ್ಲ."

ರೋಗಿಯ ಕಣ್ಣು ಮಿನುಗಿತು. ಚೆಂಡು ತೆಗೆದ ಮೇಲೂ ಬೆರಳುಗಳು ಮಡಚಿಕೊಂಡವು. ಹೆಬ್ಬೆರಳು ಮೊದಲು ಒಳಗೆ ಹೋಯಿತು, ಮಿಕ್ಕ ನಾಲ್ಕು ಅದರ ಮೇಲೆ ಮುಚ್ಚಿದವು.

ಹೆಬ್ಬೆರಳು ಹೀಗೆ ಮುಷ್ಟಿಯೊಳಗೆ ಸೇರಿಕೊಂಡರೆ ಕೂಡಲೇ ಬಿಡಿಸಬೇಕು. ಇಲ್ಲದಿದ್ದರೆ ಕೈ ಹಾಗೇ ಸೆಟೆದುಕೊಳ್ಳುತ್ತದೆ. ಅವನು ಓದಿದ ವಿದ್ಯೆಯ ಮೊದಲ ಪಾಠಗಳಲ್ಲಿ ಅದೂ ಒಂದು. ಅವನು ಬಿಡಿಸಲಿಲ್ಲ. ಬೆನ್ನು ತಟ್ಟಿದ.

ಊತ ಪೂರ್ತಿ ಇಳಿದ ದಿನ ಅವಳು ಅವನೆದುರೇ ಫೋನು ತಂದಳು. ತಲೆ ಬಾಚಿಕೊಂಡಿದ್ದಳು. ಹಾಗೆ ಬಾಚಿದ್ದನ್ನು ಅವನು ಮೊದಲ ಸಲ ನೋಡಿದ. ಗಂಡನ ಕೈ ಎತ್ತಿಕೊಂಡಳು. ಮುಷ್ಟಿ ಬಿಗಿಯಿತು. ಒಂದು ಬೆರಳು ಬಿಡಿಸಿದರೆ ಇನ್ನೊಂದು ಮುಚ್ಚುತ್ತಿತ್ತು.

"ಒಂದ್ಸಲ ಬಿಡ್ರೀ. ಒಂದೇ ಸಲ. ನಿಮ್ಮ ದಮ್ಮಯ್ಯ."

ಗಂಡ ಅವಳನ್ನೇ ನೋಡುತ್ತಿದ್ದ. ನೆಟ್ಟಗಿದ್ದ ತುಟಿಯ ಎಡತುದಿ ಸ್ವಲ್ಪ ಮೇಲೆದ್ದಿತು.

"ನೋವಾಗುತ್ತೆ, ಬಿಡಿಯಮ್ಮಾ," ಎಂದ ಫಿಸಿಯೋ. "ಅವರಿಗೆ ಇಷ್ಟ ಇಲ್ಲ ಅಂತ ಕಾಣ್ಸುತ್ತಲ್ಲಾ."

"ಕಾಣ್ಸುತ್ತೆ," ಎಂದಳು. ಕೈ ಬಿಟ್ಟು ಅಲ್ಲೇ ನೆಲದ ಮೇಲೆ ಕುಳಿತಳು.

ಅವನು ಚೀಲ ಹೆಗಲಿಗೇರಿಸಿ ಹೊರಟ. ಅಕ್ಕನಿಗೆ ಹೇಳಲು ಒಂದು ಒಳ್ಳೆಯ ಸುದ್ದಿ ಸಿಕ್ಕಿತ್ತು. ಆದರೂ ಆ ಬಾಚಿದ ತಲೆ ಕಣ್ಣಿಗೆ ಕಟ್ಟಿಕೊಂಡೇ ಬಂತು. ನಾಳೆ ಅವಳ ಮುಖ ನೋಡುವುದು ಬೇಡ, ಬೇರೆ ಕೆಲಸವಿದೆ ಎಂದುಬಿಡೋಣ. ಗೇಟಿನ ಬಳಿ ನಿಂತು, ಮೊದಲ ದಿನ ಅವಳು ಕೊಟ್ಟಿದ್ದ ನಂಬರು ಹುಡುಕಿ ಒತ್ತಿದ.

ತೆರೆದ ಕಿಟಕಿಯಿಂದ ರಿಂಗಾಗುವುದು ಕೇಳಿಸಿತು. ಅವಳು ಇನ್ನೂ ನೆಲದ ಮೇಲೇ ಇದ್ದಳು. ಮಡಿಲಲ್ಲಿದ್ದ ಗುಬ್ಬಚ್ಚಿ ಕವರಿನ ಫೋನು ಬೆಳಗುತ್ತಿತ್ತು. ಎತ್ತಿ ಕಿವಿಗಿಟ್ಟುಕೊಂಡಳು.

"ಹೇಳಿ ಡಾಕ್ಟ್ರೇ."

ಅವನು ಕಿಟಕಿಯತ್ತ ಒಂದು ಹೆಜ್ಜೆ ಇಟ್ಟ. "ಅದು… ನಿಮ್ಮ ಫೋನಾ?"

"ನಂದೇ. ಇವರ ಬೆರಳಿಗೆ ಬಿಟ್ಟು ಬೇರೆ ಯಾರಿಗೂ ತೆರೆಯದ ಹಾಗೆ ಇವರೇ ಮಾಡಿಕೊಟ್ಟಿದ್ದು. ಬಂದ ಕರೆ ತೆಗೀಬಹುದು, ಅಷ್ಟೇ. ಅಮ್ಮನ ಕರೆ ಬರದ ಹಾಗೂ ಮಾಡಿಟ್ಟಿದ್ದಾರೆ, ಅವಳ ನಂಬರು ಇದರೊಳಗೇ ಇದೆ." ಗಂಡನ ಕೈಯತ್ತ ನೋಡಿದಳು. "ನಾಳೆ ಬಂದಾಗ ಆ ಮುಷ್ಟಿ ಸ್ವಲ್ಪ ಬಿಡಿಸಿಕೊಡಿ."