ಒಂದು ಸೈಜು ದೊಡ್ಡದು

"ಇದಕ್ಕಿಂತ ಒಂದು ಸೈಜು ದೊಡ್ಡದು ಕೊಡಿ," ಎಂದಳು ಅಕ್ಕ. ಕಾಲಿಗೆ ಹಾಕಿದ್ದ ಬೂಟು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತ್ತು. ಅಂಗಡಿಯವನು ನಕ್ಕುಬಿಟ್ಟ. "ಅಮ್ಮಾ, ನಿಮ್ಮ ಕಾಲು ಇನ್ನು ಬೆಳೆಯಲ್ಲ."

ಅಕ್ಕ ಆಗಲೇ ಚೀಲದಿಂದ ಹತ್ತಿಯ ಉಂಡೆ ತೆಗೆದಿದ್ದಳು. ಬೂಟಿನ ತುದಿಗೆ ತುರುಕಲೆಂದು ಮನೆಯಿಂದಲೇ ತಂದದ್ದು. ಅಪ್ಪ ತೀರಿಕೊಂಡ ಮೇಲೆ ತಮ್ಮನನ್ನು ಅವಳು ಬೆಳೆಸಿದ್ದೇ ಹೀಗೆ: ಅಂಗಿ, ಬೂಟು ಎಲ್ಲವೂ ಒಂದು ಸೈಜು ದೊಡ್ಡದು, ಮುಂದಿನ ವರ್ಷಕ್ಕೂ ಆಗಲೆಂದು. ತಾನು ಮಾತ್ರ ಯಾರ್ಯಾರೋ ಕೊಟ್ಟ ಸಡಿಲ ಬೂಟಿನಲ್ಲೇ ಇಸ್ತ್ರಿ ಮೇಜಿನ ಮುಂದೆ ನಿಂತು ಕಾಲ ಹಾಕಿದವಳು. ಅದೇ ಮನೆಯಲ್ಲಿ ಬೆಳೆದ ತಮ್ಮನ ಕೈಯಲ್ಲೋ ಕಾಸು ನಿಲ್ಲದು. ಬಸ್ಸು ಓಡಿಸಿ ಸಂಬಳ ತಂದ ದಿನ ರಾಜ, ತಿಂಗಳ ಕೊನೆಗೆ ಅಕ್ಕನ ಮುಂದೆಯೇ ಕೈಚಾಚುವವನು. ಇವತ್ತು ಸಂಬಳದ ದಿನ; ಬೂಟು ಕೊಡಿಸಲು ಅಕ್ಕನನ್ನು ಅಂಗಡಿಗೆ ಕರೆತಂದವನೂ ಅವನೇ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಗೊತ್ತೇನೋ?" ಎಂದು ಅವಳು ಗದರಿದಳು.

"ಸರಿ, ನೀನು ಕಾಲು ಇದ್ದಷ್ಟು ಬೂಟು ಹಾಕ್ಕೋ," ಎಂದ ತಮ್ಮ, ಹತ್ತಿಯನ್ನು ಕಸಿದು ಜೇಬಿಗಿಟ್ಟುಕೊಂಡು ಮಂಡಿಯೂರಿದ. ಚಿಕ್ಕಂದಿನಲ್ಲಿ ಅವಳು ತನಗೆ ಮಾಡುತ್ತಿದ್ದಂತೆಯೇ ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಲೇಸು ಕಟ್ಟಿದ. "ನಾಲ್ಕು ಹೆಜ್ಜೆ ನಡಿ ನೋಡೋಣ."

ಅಕ್ಕ ಕನ್ನಡಿಯವರೆಗೆ ಹೋದಳು. ತಿರುಗಿ ಬರುವಾಗ ನಡುವೆಯೇ ನಿಂತುಬಿಟ್ಟಳು.

"ಏನಕ್ಕ, ಕಚ್ಚುತ್ತಾ?"

"ಇಲ್ಲ ಕಣೋ." ಅವಳು ತನ್ನ ಪಾದಗಳನ್ನೇ ನೋಡುತ್ತಿದ್ದಳು. "ಬೂಟನ್ನ ಕಾಲ್ಬೆರಳಲ್ಲಿ ಬಿಗಿಯಾಗಿ ಹಿಡ್ಕೊಂಡೇ ಎಲ್ಲರೂ ನಡೀತಾರೆ ಅಂದ್ಕೊಂಡಿದ್ದೆ."