ದಣಿವಿನ ಕಂಬಳಿ

ಆ ಶಾಲೆಯಲ್ಲಿ ಮಾಸ್ತರರೆಲ್ಲ ಮುಂಜಾನೆ ಹಗುರಾಗಿ ಹೊದ್ದ ಕಂಬಳಿಗಳು, ಪಾಠ ಮುಗಿಯುವಷ್ಟರಲ್ಲಿ ಅವರ ದಣಿವನ್ನೆಲ್ಲ ಹೀರಿ ತೊಯ್ದು ಭಾರವಾಗಿರುತ್ತಿದ್ದವು. ಸಂಜೆ ಅವನ್ನು ಬಿಚ್ಚಿಸಿಕೊಂಡು, ಹಿಂಡಿ, ಹಗ್ಗಕ್ಕೆ ಹರವುವುದು ಶಾಲೆಯ ಆಯಾ ಫಕೀರವ್ವನ ಕೆಲಸ. ಗಣಿತ ಕಲಿಸುವ ಹೊಸ ಅಕ್ಕಾರು ತೇಜಸ್ವಿನಿ ಮಾತ್ರ ತಮ್ಮ ದಣಿವು ತೋರಿಸಲು ನಾಚಿಕೊಂಡು, ನಾಲ್ಕು ದಿನದಿಂದ ಹಸಿ ಕಂಬಳಿಯನ್ನು ಹೊತ್ತುಕೊಂಡೇ ಮನೆಗೆ ಹೋಗುತ್ತಿದ್ದರು. ಇಂದು ಬೆನ್ನು ಬಾಗಿ, ರಾಜೀನಾಮೆ ಪತ್ರ ಹಿಡಿದು ಹೆಡ್‌ಮಾಸ್ತರರ ಕೋಣೆಗೆ ಹೊರಟಿದ್ದರು.

ಫಕೀರವ್ವ ಅಡ್ಡ ನಿಂತಳು. "ತಗೀರಿ ಅಕ್ಕಾರ, ಕಂಬಳಿ."

"ಬ್ಯಾಡವ್ವ, ಭಾಳ ವಜ್ಜ ಐತಿ."

"ಹೆಡ್‌ಮಾಸ್ತರ್ದು ಹಿಂಡಾಕ ಇಬ್ಬರು ಬೇಕು. ನಿಮ್ಮದೇನ್ ಮಹಾ!"

ಅಕ್ಕಾರಿಗೆ ನಗು ಬಂತು. ಕಂಬಳಿ ಕಳಚಿ ಕೊಟ್ಟು ಬೆನ್ನು ನೆಟ್ಟಗೆ ಮಾಡಿದರು. ಪತ್ರವನ್ನು ಹರಿಯುತ್ತ ಕೇಳಿದರು, "ನಾಳಿ ಮುಂಜಾನಿಗೆ ಒಣಗತೈತೇನವ್ವ?"

ಫಕೀರವ್ವ ಸೆರಗು ಬಿಗಿದಳು. "ಮೂವತ್ತು ವರ್ಷ ಆತು. ಈ ಸಾಲ್ಯಾಗ ಒಬ್ಬ ಮಾಸ್ತರಗೂ ಹಸಿ ಕಂಬಳಿ ಹೊದಿಸಿಲ್ರೀ ನಾನು!"