ಚಟ್ನಿಪುಡಿಯ ಡಬ್ಬಿ

ಅಮೆರಿಕದ ಫೋರ್ಟ್ ಲೀಯ ಅಡುಗೆಮನೆಯಲ್ಲಿ, ತೊಳೆಯಲೆಂದು ಡಬ್ಬಿಯ ಮುಚ್ಚಳ ತೆಗೆದ ಕೌಸಲ್ಯಾ ಥಟ್ಟನೆ ನಲ್ಲಿ ನಿಲ್ಲಿಸಿದಳು. ತಳದಲ್ಲಿ ಒಂದು ಚಿಟಿಕೆ ಸಕ್ಕರೆಯಿತ್ತು.

ಎಪ್ಪತ್ತನಾಲ್ಕರ ಆ ಬೇಸಿಗೆಯಲ್ಲಿ, ಬೆನ್ನಿಗೆ ಚೀಲ ಹೇರಿಕೊಂಡು ಯೂರೋಪ್ ಸುತ್ತಲು ಹೊರಟ ಮಗಳು ಮಾಧವಿಯನ್ನು ಬೈಯುತ್ತಲೇ, ಲಂಡನ್ನಿನಲ್ಲಿದ್ದ ತನ್ನ ಅಕ್ಕನಿಗೆ ಕೊಡೆಂದು ಆ ಡಬ್ಬಿ ತುಂಬ ಚಟ್ನಿಪುಡಿ ಕಳಿಸಿದ್ದಳು. ಅಕ್ಕ ತನ್ನೊಂದಿಗೆ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

"ದೊಡ್ಡಮ್ಮ ಜಾಸ್ತಿ ಮಾತಾಡ್ಲಿಲ್ಲಮ್ಮ," ಎಂದಳು ಪ್ರವಾಸ ಮುಗಿಸಿ ಮರಳಿದ್ದ ಮಾಧವಿ. "ಖಾಲಿ ಡಬ್ಬಿ ವಾಪಸ್ ಕೊಡಬಾರ್ದು, ನಮ್ಮಮ್ಮ ಹೀಗೇ ಮಾಡ್ತಿದ್ರು ಅಂತ ಸಕ್ಕರೆ ಹಾಕಿದ್ರು. ಆಮೇಲೆ ಐದು ಹಾಸ್ಟೆಲ್ ಸುತ್ತಿದೆ ಅದು. ಜಸ್ಟ್ ಥ್ರೋ ಇಟ್ ಔಟ್."

ಕೌಸಲ್ಯಾ ಸಕ್ಕರೆಯನ್ನು ಅಂಗೈಗೆ ಸುರಿದುಕೊಂಡು, ಒಂದು ಹರಳೂ ಬಿಡದೆ ಬಾಯಿಗೆ ಹಾಕಿಕೊಂಡಳು. ಅದು ಪೂರ್ತಿ ಕರಗಿದ ಮೇಲೆ ಕೇಳಿದಳು:

"ಮುಂದಿನ ಬೇಸಿಗೆಗೂ ಹೋಗ್ತೀಯೇನೇ, ಮಾಧು?"